ಓಡಿಸಿದವನಿಗೆ ಒಂದು ಟವಲ್

ಕರಿಯಪ್ಪನಿಗೆ ನಾನು ಕೊಟ್ಟದ್ದು ಒಂದು ಟವಲ್. ಒಳ್ಳೆಯ ಟವಲ್ಲೇ. ಅಂಚಿಗೆ ಕೆಂಪು ಪಟ್ಟಿ ಇದ್ದದ್ದು, ಚೌಕಾಸಿ ಮಾಡದೆ ತಂದದ್ದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವನ ಕಥೆ ಹೇಳಲು ಕೂತಾಗಲೆಲ್ಲ ನನ್ನ ಬಾಯಿ ಟವಲ್ಲಿನ ಹತ್ತಿರ ಬಂದ ಕೂಡಲೇ ಬೇರೆ ದಾರಿ ಹಿಡಿಯುತ್ತದೆ. ಇವತ್ತು ಹಾಗಾಗಬಾರದು.

ಕರಿಯಪ್ಪ ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯವನು. ನನಗಿಂತ ಹನ್ನೆರಡು ವರ್ಷ ದೊಡ್ಡವನು. ಆದರೂ ನಾನು ಅವನನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ, ಅವನು ನನ್ನನ್ನು 'ಚಿಕ್ಕಯ್ನೋರೆ' ಎನ್ನುತ್ತಿದ್ದ. ಅಂಗಡಿ ಇಟ್ಟವನಿಗೆ ಬಹುವಚನ, ಕೂಲಿಗೆ ಬಂದವನಿಗೆ ಏಕವಚನ. ಇದನ್ನು ನಮಗೆ ಯಾರೂ ಕಲಿಸಿಕೊಟ್ಟಿರಲಿಲ್ಲ, ಆದರೂ ಬರುತ್ತಿತ್ತು.

ಪ್ರಾಯದಲ್ಲಿ ಅವನು ಎತ್ತಿನ ಗಾಡಿ ಓಟಗಳಲ್ಲಿ ಗಾಡಿ ಓಡಿಸುತ್ತಿದ್ದ. ಎತ್ತು ಅವನದಲ್ಲ, ಗಾಡಿಯೂ ಅವನದಲ್ಲ. ಎರಡೂ ಅವನ ಊರಿನ ಮುನಿಯಪ್ಪನವರದು. ಮುನಿಯಪ್ಪನವರಿಗಿದ್ದ ಹೊಟ್ಟೆಗೆ ಓಡುವ ಗಾಡಿಯ ಮೇಲೆ ನಿಲ್ಲುವುದಿರಲಿ, ನಿಂತ ಗಾಡಿಯನ್ನು ಹತ್ತುವುದೇ ಕಷ್ಟ. ಗೆದ್ದಾಗ ಮೈಕಿನಲ್ಲಿ ಕೂಗುತ್ತಿದ್ದದ್ದು ಮಾತ್ರ "ಗುಡೇಮಾರನಹಳ್ಳಿ ಮುನಿಯಪ್ಪನವರ ಎತ್ತುಗಳು ಪ್ರಥಮ" ಎಂದು. ದುಡ್ಡು, ಬೆಳ್ಳಿ, ಫೋಟೋ ಎಲ್ಲ ಮುನಿಯಪ್ಪನವರಿಗೆ. ಹಗ್ಗ ಹಿಡಿದು ಪ್ರಾಣ ಒತ್ತೆ ಇಟ್ಟವನ ಹೆಗಲಿಗೆ ಒಂದು ಟವಲ್, ಕೈಗೆ ಒಂದು ತೆಂಗಿನಕಾಯಿ, ಆಮೇಲೆ ಬಾಡೂಟ. ನಮ್ಮ ಕಡೆ ಅದೇ ಪದ್ಧತಿ. ಗಾಡಿ ಯಾರದೋ ಗೆಲುವು ಅವರದು. ಇದರಲ್ಲಿ ಅನ್ಯಾಯ ಇದೆ ಎಂದು ಯಾರಿಗೂ ಅನ್ನಿಸಿರಲಿಲ್ಲ. ಕರಿಯಪ್ಪನಿಗಂತೂ ಇಲ್ಲವೇ ಇಲ್ಲ.

ಅನ್ನಿಸಿದ್ದು ಅವನ ಹೆಂಡತಿ ಚಿಕ್ಕಲಕ್ಷ್ಮಮ್ಮನಿಗೆ. ಒಂದು ದಿನ ಅವನು ಮತ್ತೊಂದು ಟವಲ್ ಹೊದ್ದುಕೊಂಡು ಮನೆಗೆ ಬಂದಾಗ ಆಕೆ ಟ್ರಂಕನ್ನು ಹಟ್ಟಿ ಮುಂದೆ ಬೋರಲು ಹಾಕಿದಳಂತೆ. "ಇಪ್ಪತ್ತಾರು ಟವಲ್ ಅವೆ. ಇವ್ನ ಬೇಯ್ಸಿ ಉಣ್ಣಕ್ಕಾಯ್ತದಾ?" ಎಂದು ಕೇಳಿದಳಂತೆ. ಮಗಳು ಸೌಮ್ಯಳನ್ನು ಕರೆದುಕೊಂಡು ಅದೇ ತಾಲ್ಲೂಕಿನ ತವರು ತಿಪ್ಪಸಂದ್ರಕ್ಕೆ ಹೊರಟಾಗ ಹೊಸಿಲಲ್ಲಿ ನಿಂತು ಒಂದು ಮಾತು ಹೇಳಿದಳು. "ಓಡ್ಸಿದ್ಕೆ ಸಂಬ್ಳ ಅಂತ ನಿನ್ ಕೈಗೆ ಬಂದ್ ದಿನ ಹೇಳ್ಕಳ್ಸು. ನಾನೇ ಬತ್ತೀನಿ." ಆಕೆ ಜಗಳಗಂಟಿಯಲ್ಲ, ಲೆಕ್ಕ ನೇರ ಇದ್ದವಳು ಅಷ್ಟೆ. ಕರಿಯಪ್ಪ ಆ ಮಾತನ್ನು ನನಗೆ ನಗುತ್ತಲೇ ಹೇಳಿದ್ದ. ಹೇಳುವಾಗ ಟವಲ್ಲುಗಳ ಲೆಕ್ಕವನ್ನು ಮಾತ್ರ ತಪ್ಪುತ್ತಿರಲಿಲ್ಲ.

ಆಮೇಲೆ ಕಾರ್ಖಾನೆಗಳ ಕಾಲ ಬಂತು. ಹೆದ್ದಾರಿ ಪಕ್ಕದ ಹೊಲಗಳಿಗೆ ಕಲ್ಲುಕಂಬ ನೆಟ್ಟರು, ತಂತಿ ಬಿಗಿದರು. ಮುನಿಯಪ್ಪನವರು ಜಮೀನು ಕೊಟ್ಟು, ಎತ್ತು ಮಾರಿ, ಜೀಪು ತಗೊಂಡರು. ಜೀಪಿಗೆ ಡ್ರೈವರ್ ಬೇಕಿತ್ತು, ಆದರೆ ಕರಿಯಪ್ಪನ ಹತ್ತಿರ ಲೈಸನ್ಸ್ ಇರಲಿಲ್ಲ. ಓದು ಬರದವನಿಗೆ ಲೈಸನ್ಸ್ ಕೊಡುವುದಿಲ್ಲ ಎಂದು ಯಾರೋ ಹೇಳಿದ್ದನ್ನೇ ನಂಬಿ ಅವನು ಆ ಕಚೇರಿಯ ಮೆಟ್ಟಿಲು ಹತ್ತಲೇ ಇಲ್ಲ. ಎರಡು ಸಾವಿರದ ಮೂರನೇ ಇಸವಿಯಲ್ಲಿ ಚನ್ನಪಟ್ಟಣಕ್ಕೆ ಬಂದು ಸಮದ್ ಸಾಹೇಬರ ಬೊಂಬೆ ಕಾರ್ಖಾನೆಗೆ ಸೇರಿದ. ಹಾಲೆಮರದ ತುಂಡನ್ನು ಲೇತ್‌ಗೆ ಕೊಟ್ಟು, ಅರಗು ಹಚ್ಚಿ, ತಾಳೆಗರಿಯಲ್ಲಿ ಉಜ್ಜಿ ಹೊಳಪು ತರುವ ಕೆಲಸ. ಅವನ ಪಾಲಿಗೆ ಬಂದದ್ದು ಆಟದ ಕಾರಿನ ಗಾಲಿಗಳು. ದಿನವೆಲ್ಲ ಗಾಲಿ ಮಾಡುತ್ತಿದ್ದ, ಸಂಜೆ ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ ಒಬ್ಬನೇ ಮುದ್ದೆ ತಿರುವಿಕೊಳ್ಳುತ್ತಿದ್ದ. ಒಬ್ಬನಿಗೆ ಮುದ್ದೆ ಮಾಡುವುದು ಎಷ್ಟು ಬೇಸರದ ಕೆಲಸ ಎಂದು ಮಾಡಿದವರಿಗೇ ಗೊತ್ತು. ಎಷ್ಟು ಕಡಿಮೆ ಹಿಟ್ಟು ಹಾಕಿದರೂ ಮಿಗುತ್ತದೆ.

ನಮ್ಮಪ್ಪ ವೀರಭದ್ರಯ್ಯನವರದು ಅದೇ ಬೀದಿಯ ತುದಿಯಲ್ಲಿ ಪೂಜೆ ಸಾಮಾನಿನ ಗ್ರಂಥಿಗೆ ಅಂಗಡಿ. ಬಿ.ಕಾಂ. ಮುಗಿಸಿ ನೊಣ ಹೊಡೆಯುತ್ತಿದ್ದ ನಾನು ಅದರ ಪಕ್ಕದ ಮಳಿಗೆಯಲ್ಲಿ ಒಂದು ಎಸ್‌ಟಿಡಿ ಬೂತು, ನಾಲ್ಕು ಕಂಪ್ಯೂಟರ್ ಇಟ್ಟೆ. ಬೆಂಗಳೂರಿನಿಂದ ಕಾರು ಓಟದ ಗೇಮಿನ ಸ್ಟೇರಿಂಗು, ಕಾಲಲ್ಲಿ ಒತ್ತುವ ಪೆಡಲ್ಲು ತಂದು ಒಂದು ಕಂಪ್ಯೂಟರಿಗೆ ಜೋಡಿಸಿದೆ. ಅರ್ಧ ಗಂಟೆಗೆ ಹತ್ತು ರೂಪಾಯಿ.

ಕರಿಯಪ್ಪ ಪ್ರತಿ ಭಾನುವಾರ ಬರುತ್ತಿದ್ದದ್ದು ಫೋನಿಗೆ. ತಿಪ್ಪಸಂದ್ರದಲ್ಲಿ ಅವನ ಮಾವನ ಮನೆಯ ಪಕ್ಕದವರಿಗೆ ಫೋನ್ ಇತ್ತು. ಸೌಮ್ಯಳನ್ನು ಕರೆಯಿರಿ ಎಂದು ಹೇಳಿ ಇಟ್ಟು, ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಬೇಕು. ಆ ಹತ್ತು ನಿಮಿಷ ಅವನು ಹುಡುಗರು ಕಾರು ಓಡಿಸುವುದನ್ನು ನೋಡುತ್ತ ನಿಲ್ಲುತ್ತಿದ್ದ. ಆಮೇಲೆ ಮಗಳ ಹತ್ತಿರ ಎರಡು ನಿಮಿಷ ಮಾತು. "ಉಂಡ್ಯಾ ಮಗ? ಇಸ್ಕೂಲ್ಗೋದ್ಯಾ? ಅವ್ವ ಐತಾ?" ಅವ್ವ ಇರುತ್ತಿದ್ದಳು, ಫೋನಿಗೆ ಬರುತ್ತಿರಲಿಲ್ಲ. ಮಗಳು ಫೋನ್ ಇಟ್ಟ ಮೇಲೂ ಅವನು ರಿಸೀವರನ್ನು ಕಿವಿಗೇ ಹಿಡಿದಿರುತ್ತಿದ್ದ. ಮೀಟರು ನಿಂತದ್ದನ್ನು ನೋಡಿ ನನಗೆ ಗೊತ್ತಾಗುತ್ತಿತ್ತು.

ಒಂದು ಭಾನುವಾರ ಸೌಮ್ಯ ಅಜ್ಜಿ ಜೊತೆ ಎಲ್ಲಿಗೋ ಹೋಗಿದ್ದಳು, ಒಂದು ಗಂಟೆ ಕಾಯಬೇಕಾಯಿತು. ಸ್ಟೇರಿಂಗಿನ ಕುರ್ಚಿ ಖಾಲಿ ಇತ್ತು. "ಕೂತ್ಕೊ ಕರಿಯಪ್ಪ, ಇವತ್ತು ದುಡ್ಡು ಬೇಡ" ಎಂದೆ. ಮೊದಲನೇ ಸುತ್ತಿಗೆ ಗೋಡೆಗೆ ಗುದ್ದಿದ, ಎರಡನೆಯದಕ್ಕೆ ಹಳ್ಳಕ್ಕೆ ಬಿದ್ದ. ಮೂರನೇ ಸುತ್ತಿಗೆ ನಮ್ಮ ಅಂಗಡಿಯ ಹುಡುಗರು ಒಬ್ಬರೂ ದಾಟದ ತಿರುವನ್ನು ವೇಗ ಇಳಿಸದೆ ದಾಟಿದ. ಹೇಗೆ ಎಂದು ಕೇಳಿದರೆ ಅವನಿಗೇ ಆಶ್ಚರ್ಯ.

"ಅದ್ರಾಗೇನೈತೆ ಚಿಕ್ಕಯ್ನೋರೆ? ತಿರುವ್ನಾಗೆ ಒಳಗಡೆ ಎತ್ತ ತಡೀಬೇಕು, ಹೊರಗಡೆ ಎತ್ತ ಬುಡ್ಬೇಕು. ಎಲ್ಡನ್ನೂ ತಡುದ್ರೆ ನಿಂತೋಯ್ತದೆ, ಎಲ್ಡನ್ನೂ ಬುಟ್ರೆ ಮಗುಚ್ಕತದೆ."

ಅವತ್ತಿನಿಂದ ಕೆಲಸ ಮುಗಿದ ಕೂಡಲೇ ಬರತೊಡಗಿದ. ನಾನು ದುಡ್ಡು ತಗೊಳ್ಳುತ್ತಿರಲಿಲ್ಲ. ದೊಡ್ಡಸ್ತಿಕೆಯೇನಲ್ಲ. ಅವನು ಓಡಿಸಲು ಕೂತರೆ ನೋಡಲು ಹುಡುಗರು ಸೇರುತ್ತಿದ್ದರು, ನೋಡಿದವರು ಮಿಕ್ಕ ಕಂಪ್ಯೂಟರಿಗೆ ಕೂರುತ್ತಿದ್ದರು. ಸುತ್ತ ಇಪ್ಪತ್ತು ಜನ ಶಿಳ್ಳೆ ಹೊಡೆದರೂ ಅವನು ಯಾರ ಕಡೆಗೂ ತಿರುಗುತ್ತಿರಲಿಲ್ಲ. ಗೆದ್ದ ಮೇಲೆ ಎದ್ದು ಚಪ್ಪಲಿ ಮೆಟ್ಟಿ ಹೋಗಿಬಿಡುತ್ತಿದ್ದ. ಹೇಳಿಕೊಳ್ಳಲು ಕಾರ್ಖಾನೆ ಹಿಂದಿನ ಆ ಕೋಣೆಯಲ್ಲಿ ಯಾರಿದ್ದರು?

ಎರಡು ಸಾವಿರದ ಆರರಲ್ಲಿ ಬೆಂಗಳೂರಿನಿಂದ ಒಂದು ಚೀಟಿ ಬಂತು. ಕಾರು ಓಟದ ಗೇಮಿನ ಪಂದ್ಯ. ಗೆದ್ದವರಿಗೆ ಬಹುಮಾನ, ಜೊತೆಗೆ ಕಂಪನಿಯೊಂದು ಅವರನ್ನು ಒಂದು ವರ್ಷ ತನ್ನ ತಂಡಕ್ಕೆ ಸೇರಿಸಿಕೊಂಡು ತಿಂಗಳು ತಿಂಗಳು ಸಂಬಳ ಕೊಡುತ್ತದೆ. ನಾನು ಅದನ್ನು ಗಟ್ಟಿಯಾಗಿ ಓದಿದಾಗ ಅಂಗಡಿ ಮುಂದೆ ನಮ್ಮಪ್ಪ, ಸಮದ್ ಸಾಹೇಬರು ಟೀ ಕುಡಿಯುತ್ತಿದ್ದರು.

"ಆಟ ಆಡೋದಕ್ಕೆ ಸಂಬಳವೇ?" ನಮ್ಮಪ್ಪ ಲೋಟ ಕೆಳಗಿಟ್ಟರು. "ನಾಳೆ ಊಟ ಮಾಡೋದಕ್ಕೂ ಸಂಬಳ ಕೇಳ್ತಾರೆ."

"ಕ್ರಿಕೆಟ್ ಆಡೋರಿಗೆ ಕೊಡ್ತಾರಲ್ಲ ಅಯ್ನೋರೆ" ಎಂದರು ಸಮದ್ ಸಾಹೇಬರು.

"ಅವರು ಬಿಸಿಲಲ್ಲಿ ಬೆವರು ಸುರಿಸ್ತಾರೆ ಸಾಬ್ರೆ. ಇವನು ಫ್ಯಾನಿನ ಕೆಳಗೆ ಕುರ್ಚಿ ಮೇಲೆ ಕೂತಿರ್ತಾನೆ."

"ಅರೆ, ತಾವೂ ಗಲ್ಲಾ ಮುಂದೆ ಕೂತೇ ಅಲ್ವಾ ದುಡಿಯೋದು?"

ನಮ್ಮಪ್ಪನಿಗೆ ನಗು ಬಂತು, ಆದರೆ ಒಪ್ಪಲಿಲ್ಲ. ಕರಿಯಪ್ಪ ಕಂಬಕ್ಕೆ ಒರಗಿ ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಅವರಿಬ್ಬರೂ ಹೋದ ಮೇಲೆ ನನ್ನ ಹತ್ತಿರ ಬಂದ. "ಓಡ್ಸೋನ್ಗೇ ಕೊಡ್ತಾರಾ ಚಿಕ್ಕಯ್ನೋರೆ, ಸಂಬ್ಳವ?" ಎಂದು ಕೇಳಿದ. ಹೌದು ಎಂದೆ. ಚೀಟಿ ತೋರಿಸಿ ಮತ್ತೆ ಕೇಳಿದ. ಆ ವಾರದಲ್ಲಿ ನಾಲ್ಕು ಸಲ ಕೇಳಿದ. ಆ ಭಾನುವಾರ ಫೋನಿನಲ್ಲಿ ಮಗಳಿಗೆ ಹೇಳಿದ, ಮಗಳು ಅವ್ವನಿಗೆ ಹೇಳಿದಳು. ಮೂರು ವರ್ಷದಲ್ಲಿ ಮೊದಲ ಸಲ ಚಿಕ್ಕಲಕ್ಷ್ಮಮ್ಮ ಫೋನಿಗೆ ಬಂದಳು. ಆಕೆ ಏನೆಂದಳೋ ನನಗೆ ಕೇಳಿಸಲಿಲ್ಲ. ಕರಿಯಪ್ಪ ಮಾತ್ರ "ಊಂ, ಊಂ" ಎನ್ನುತ್ತ ಗೋಡೆ ಕಡೆಗೆ ತಿರುಗಿ ನಿಂತುಬಿಟ್ಟ.

ಪಂದ್ಯದ ದಿನ ಬೆಳಗಿನ ರೈಲಿಗೆ ಹೊರಟೆವು. ಸ್ಟೇರಿಂಗನ್ನು ನಾವೇ ತರಬಹುದು ಎಂದಿದ್ದರು. ಅದನ್ನು ಬೆಡ್‌ಶೀಟಿನಲ್ಲಿ ಸುತ್ತಿ ಕರಿಯಪ್ಪ ಕೆಂಗೇರಿ ದಾಟುವವರೆಗೂ ತೊಡೆಯ ಮೇಲೇ ಇಟ್ಟುಕೊಂಡಿದ್ದ. ಅಲ್ಲಿ ಹೆಸರು ಬರೆಸುವ ಮೇಜಿನ ಹಿಂದೆ ಒಬ್ಬಳು ಹುಡುಗಿ ಕೂತಿದ್ದಳು. ಹೆಸರು ಹೇಳಿ ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಕರಿಯಪ್ಪ ಹಿಂದಿನಿಂದ ನನ್ನ ಬೆನ್ನು ತಟ್ಟಿದ.

"ನಿಮ್ದೇ ಬರ್ಸಿ ಚಿಕ್ಕಯ್ನೋರೆ. ಗಾಡಿ ನಿಮ್ದಲ್ವಾ."

ಅವನ ಇಪ್ಪತ್ತು ವರ್ಷದ ಅನುಭವದಲ್ಲಿ ಯಾವ ಓಟದ ಪುಸ್ತಕದಲ್ಲೂ ಓಡಿಸುವವನ ಹೆಸರು ಬರೆದದ್ದಿರಲಿಲ್ಲ. ಅವನು ಮಾಡಿದ್ದು ಅವನ ಊರಿನ ಯಾರಾದರೂ ಮಾಡುವ ತಪ್ಪು. ನಾನು ಓದಿದವನು. ಇಲ್ಲಿ ಬೇಕಾದದ್ದು ಆಡುವವನ ಹೆಸರು ಎಂದು ಫಾರಮ್ಮಿನಲ್ಲಿ ಅಚ್ಚಾಗಿತ್ತು, ನನ್ನ ಕಣ್ಣಿಗೂ ಬಿತ್ತು. ನಾನು 'ಶಿವಕಿರಣ್, ಚನ್ನಪಟ್ಟಣ' ಎಂದು ಬರೆಸಿದೆ. ಹುಡುಗಿ ನನ್ನ ಹೆಸರಿನ ಬಿಲ್ಲೆಯನ್ನು ಕೊಟ್ಟಳು, ಅದನ್ನು ಕರಿಯಪ್ಪ ಕೊರಳಿಗೆ ಹಾಕಿಕೊಂಡ.

ಅವನು ಗೆದ್ದ. ಬೆಂಗಳೂರಿನ ಕಾಲೇಜು ಹುಡುಗರು, ಮನೆಯಲ್ಲೇ ಸ್ಟೇರಿಂಗು ಇಟ್ಟುಕೊಂಡವರು, ಎಲ್ಲರನ್ನೂ ಹಿಂದೆ ಹಾಕಿದ. ಕೊನೆಯ ತಿರುವಿನಲ್ಲಿ ನಾಲಿಗೆಯಿಂದ 'ಟ್ಲಕ್' ಎಂದದ್ದು ನನ್ನ ಕಿವಿಗೆ ಬಿತ್ತು. ಎತ್ತಿಗೆ ಹೇಳಿದ್ದು. ಮೈಕಿನಲ್ಲಿ ನನ್ನ ಹೆಸರು ಕೂಗಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ಕರಿಯಪ್ಪ. ಬಹುಮಾನದ ಚೆಕ್ಕನ್ನು ತಂದು ಎರಡೂ ಕೈಯಲ್ಲಿ ನನಗೆ ಕೊಟ್ಟ. ಕೊರಳಿನ ಬಿಲ್ಲೆ ತೆಗೆದು ನನ್ನ ಕೊರಳಿಗೆ ಹಾಕಿದ.

ವಾಪಸು ಬರುವಾಗ ಅವನು ಕೇಳಿದ್ದು ಒಂದೇ. "ಸಂಬ್ಳ ಯಾವಾಗ್ಲಿಂದ ಶುರುವಾಯ್ತದೆ?" ಅವನ ಮನಸ್ಸಿನಲ್ಲಿ ಲೆಕ್ಕ ಸರಿಯಾಗಿಯೇ ಇತ್ತು. ಬಹುಮಾನ ಗಾಡಿಯವನಿಗೆ, ಅದು ಪದ್ಧತಿ. ಸಂಬಳ ಓಡಿಸಿದವನಿಗೆ, ಅದು ಚೀಟಿಯಲ್ಲಿದ್ದ ಮಾತು. ಒಂದು ಹೆಸರಿನ ಹಿಂದೆ ಎರಡೂ ಹೋಗುತ್ತವೆ ಎಂದು ಅವನಿಗೆ ಹೊಳೆದಿರಲಿಲ್ಲ. ಮನೆಗೆ ಬಂದ ದಿನವೇ ತಿಪ್ಪಸಂದ್ರಕ್ಕೆ ಫೋನ್ ಮಾಡಿ ಗೆದ್ದೆ ಎಂದ. ಸಂಬಳ ಬರುತ್ತದೆ ಎಂದ.

ಕಂಪನಿಯ ಪತ್ರ ಬಂತು. ನನ್ನ ಹೆಸರಿಗೆ. ಗುರುತಿನ ಚೀಟಿ ತೆಗೆದುಕೊಂಡು ಬಂದು ತಂಡಕ್ಕೆ ಸೇರಬೇಕಂತೆ. ಫೋನ್ ಮಾಡಿ, ಬೇರೆಯವರನ್ನು ಕಳಿಸಬಹುದೇ ಎಂದು ಅಡ್ಡಡ್ಡವಾಗಿ ಕೇಳಿದೆ. ಹೆಸರು ಬರೆಸಿದವರೇ ಬರಬೇಕು, ಬೇರೆಯವರು ಆಡಿದ್ದರೆ ಬಹುಮಾನವೂ ವಾಪಸು ಎಂದರು. ಬಹುಮಾನದಲ್ಲಿ ಆಗಲೇ ಎರಡು ಹೊಸ ಕಂಪ್ಯೂಟರ್ ತಂದಿದ್ದೆ. ಹುಷಾರಿಲ್ಲ, ಬರಲಾಗುವುದಿಲ್ಲ ಎಂದು ಬರೆದು ಹಾಕಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿ ನಾನೇ. ಸಂಬಳ ಅವನಿಗೂ ದಕ್ಕಲಿಲ್ಲ, ನನಗೂ ದಕ್ಕಲಿಲ್ಲ. ಅವನಿಗೆ ಹೇಳಿದ್ದು, "ಕಂಪನಿಯವರು ಏನೂ ಬರೆದಿಲ್ಲ ಕರಿಯಪ್ಪ" ಎಂದು.

ಮನಸ್ಸು ಕುಟುಕುತ್ತಿತ್ತು. ಏನು ಮಾಡಲಿ ಎಂದು ಅಪ್ಪನನ್ನು ಕೇಳಿದೆ. ಅವರು ತಲೆಯೆತ್ತದೆ ಕರ್ಪೂರ ತೂಗುತ್ತ, "ಓಡಿಸಿದವನಿಗೆ ಒಂದು ಟವಲ್ ಹಾಕೋದು ಪದ್ಧತಿ. ಹಾಕು, ಮರ್ಯಾದೆ" ಎಂದರು. ಭಾನುವಾರ ಹನ್ನೊಂದು ಗಂಟೆಗೆ ಹುಡುಗರನ್ನೆಲ್ಲ ಸೇರಿಸಿ ಕರಿಯಪ್ಪನ ಹೆಗಲಿಗೆ ಟವಲ್ ಹಾಕಿದೆ. ಕೈಗೆ ತೆಂಗಿನಕಾಯಿ ಕೊಟ್ಟೆ. ಅವನು ಟವಲ್ಲಿನ ಅಂಚನ್ನು ಬೆರಳಲ್ಲಿ ಒಮ್ಮೆ ಮುಟ್ಟಿ ನೋಡಿದ, ನನ್ನ ಮುಖ ನೋಡಿದ.

ಅಷ್ಟರಲ್ಲಿ ಅಂಗಡಿ ಮುಂದೆ ಒಬ್ಬ ಹೆಂಗಸು, ಹದಿನೈದರ ಹುಡುಗಿ ಬಂದು ನಿಂತರು. ಇಬ್ಬರ ಕೈಯಲ್ಲೂ ಚೀಲ. ಹೆಂಗಸಿನ ಕಂಕುಳಲ್ಲಿ ಹೊಸ ಹಿಂಡಾಲಿಯಂ ಪಾತ್ರೆ. ಚಿಕ್ಕಲಕ್ಷ್ಮಮ್ಮ ಸಂಸಾರ ಕಟ್ಟಿಕೊಂಡೇ ಬಂದಿದ್ದಳು, ಹೇಳಿ ಕಳಿಸುವವರೆಗೂ ಕಾಯದೆ.

ಆಕೆ ಕರಿಯಪ್ಪನ ಹೆಗಲು ನೋಡಿದಳು. ಕೈಯಲ್ಲಿದ್ದ ತೆಂಗಿನಕಾಯಿ ನೋಡಿದಳು.

"ಸಂಬ್ಳ?" ಎಂದಳು.

"ಬತ್ತದಂತೆ... ಇನ್ನೂ ಬರ್ದಿಲ್ವಂತೆ" ಎಂದು ಕರಿಯಪ್ಪ ನನ್ನ ಕಡೆ ತಿರುಗಿದ. ಗೋಡೆಯ ಮೇಲೆ ಪಂದ್ಯದ ಪ್ರಶಸ್ತಿ ಪತ್ರ ಕಟ್ಟು ಹಾಕಿಸಿ ತೂಗುಹಾಕಿದ್ದೆ. ಸೌಮ್ಯ ಅದನ್ನು ಓದಿದಳು. "ಇದ್ರಾಗೆ ಅಪ್ಪನ್ ಹೆಸ್ರೇ ಇಲ್ಲ ಕಣವ್ವ. ಶಿವಕಿರಣ್ ಅಂತೈತೆ" ಎಂದಳು.

ಚಿಕ್ಕಲಕ್ಷ್ಮಮ್ಮ ಅಳಲಿಲ್ಲ, ಕೂಗಾಡಲಿಲ್ಲ. "ಗೆದ್ದೆ ಅಂತ ಸುಳ್ಳೇಳುದ್ಯಾ?" ಎಂದು ಮೆಲ್ಲಗೆ ಕೇಳಿದಳು. ಕರಿಯಪ್ಪ ಮತ್ತೆ ನನ್ನನ್ನು ನೋಡಿದ. ನಾನು ಬಗ್ಗಿ ಕಂಪ್ಯೂಟರಿನ ವೈರು ಸರಿ ಮಾಡುತ್ತಿದ್ದೆ. ವೈರು ಸರಿಯಾಗಿಯೇ ಇತ್ತು.

"ಮಾಗಡಿ ಬಸ್ ಎಷ್ಟೊತ್ಗೈತೆ?" ಎಂದು ಆಕೆ ಹುಡುಗರನ್ನು ಕೇಳಿದಳು. ಯಾರೋ ಹನ್ನೆರಡಕ್ಕೆ ಎಂದರು. ಕರಿಯಪ್ಪ ಬಸ್ ನಿಲ್ದಾಣದವರೆಗೂ ಅವರ ಚೀಲ ಹೊತ್ತುಕೊಂಡು ಹೋದ, ಹೆಗಲಲ್ಲಿ ಟವಲ್ ಇಟ್ಟುಕೊಂಡೇ.

ಸಂಜೆ ಸಮದ್ ಸಾಹೇಬರು ಬಂದರು. ಕೂರಲಿಲ್ಲ. "ಲೇತ್ ನಂದು. ಮರ ನಂದು, ಅರಗು ನಂದು, ಕರೆಂಟೂ ನಂದು. ಗಾಲಿ ಮಾಡಿದವನ ಕೂಲಿ ಮಾತ್ರ ಅವನದು. ಅದನ್ನೂ ನಂದು ಅಂದ್ರೆ ನನ್ನ ಏನಂತ ಕರೀತಾರೆ ಕಿರಣ್?" ಅವರಿಗೆ ಯಾರೂ ಏನೂ ಹೇಳಿರಲಿಲ್ಲ, ಪ್ರಶಸ್ತಿ ಪತ್ರ ಓದಿಕೊಂಡಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ಅವರ ಮೇಲೇ ರೇಗಿದೆ. ಮಾರನೆಯ ವಾರ ಕರಿಯಪ್ಪ ಅವರ ಕಾರ್ಖಾನೆಯನ್ನೂ ಬಿಟ್ಟ. ಭಾನುವಾರಗಳಲ್ಲಿ ಬೂತಿಗೆ ಬರುವವರು ಕಡಿಮೆಯಾದರು. ಎಲ್ಲರ ಕೈಗೂ ಮೊಬೈಲ್ ಬಂತು. ಎರಡು ಸಾವಿರದ ಒಂಬತ್ತರಲ್ಲಿ ನಾನು ಕಂಪ್ಯೂಟರುಗಳನ್ನು ಮಾರಿ ಅಪ್ಪನ ಗಲ್ಲಾದ ಮುಂದೆ ಕೂತೆ.

ಮಾರಿದ ದುಡ್ಡನ್ನು ಮನೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ. ಕರಿಯಪ್ಪ ಬಿಡದಿ ಹತ್ತಿರ ಒಂದು ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್ ಆಗಿದ್ದಾನೆ ಎಂದು ಸಮದ್ ಸಾಹೇಬರೇ ಹೇಳಿದ್ದು. ಒಂದು ಬಾಡಿಗೆ ಕಾರು ಮಾಡಿಕೊಂಡು ಹೋದೆ. ಅವನು ನೀಲಿ ಅಂಗಿ ಹಾಕಿಕೊಂಡು ತಗಡಿನ ಗೂಡಿನ ಮುಂದೆ ನಿಂತಿದ್ದ. ತಲೆ ಪೂರ್ತಿ ನರೆತಿತ್ತು. ನನ್ನನ್ನು ನೋಡಿ ಬೇಸರವನ್ನೂ ತೋರಿಸಲಿಲ್ಲ, ಸಂತೋಷವನ್ನೂ ತೋರಿಸಲಿಲ್ಲ. ಒಬ್ಬ ಹುಡುಗ ಪುಸ್ತಕ ತಂದ, ನನ್ನ ಹೆಸರು, ಕಾರಿನ ನಂಬರು ಗೀಚಿದೆ. ಕಾರು ಗೇಟಿನ ಒಳಗೆ ನಿಂತ ಮೇಲೆ ಇಳಿದು ಅವನ ಗೂಡಿನ ಹತ್ತಿರ ಹೋದೆ.

ಎಲ್ಲವನ್ನೂ ಹೇಳಿದೆ. ಫಾರಮ್ಮು, ಪತ್ರ, ಹುಷಾರಿಲ್ಲ ಎಂದು ಬರೆದದ್ದು. ದುಡ್ಡಿನ ಕವರು ಮುಂದೆ ಹಿಡಿದೆ.

"ಹೆಸ್ರು ನಾನೇ ಬರ್ಸಿದ್ದು ಬುಡಿ" ಎಂದ. "ದುಡ್ಗಲ್ಲ ಚಿಕ್ಕಯ್ನೋರೆ. ಅವತ್ತು ಅವ್ಳು ಸುಳ್ಳ ಅಂದಾಗ ನೀವು ಒಂದ್ ಮಾತು ಅನ್ಬೌದಿತ್ತು. 'ಇವ್ನೇ ಕಣಮ್ಮ ಓಡ್ಸಿದ್ದು' ಅಂತ. ಅಷ್ಟೇಯ."

ಸೌಮ್ಯ ಹೇಗಿದ್ದಾಳೆ ಎಂದು ಕೇಳಿದೆ. ಹೋದ ತಿಂಗಳು ಮದುವೆ ಆಯಿತಂತೆ. ಇವನೂ ಹೋಗಿ ಧಾರೆ ಎರೆದು, ಕೊನೇ ಪಂಕ್ತಿಯಲ್ಲಿ ಉಂಡು ಬಂದನಂತೆ. ಚಿಕ್ಕಲಕ್ಷ್ಮಮ್ಮ ಇವನ ಎಲೆಗೆ ತಾನೇ ಬಡಿಸಿದಳಂತೆ, ಮಾತು ಮಾತ್ರ ಆಡಲಿಲ್ಲ. ಕವರನ್ನು ಅವನು ಮುಟ್ಟಲಿಲ್ಲ. "ತಿಪ್ಪಸಂದ್ರಕ್ಕೆ ತಗಂಡೋಗಿ ಅವ್ಳ ಕೈಗೆ ಕೊಡಿ. ಕೊಡೋವಾಗ ಯಾತಕ್ಕೆ ಅಂತ ಏಳಿ" ಎಂದ.

ನಾನು ಕಾರು ಹತ್ತಿದೆ. ಗೇಟು ತೆರೆಯಲಿಲ್ಲ. ಕರಿಯಪ್ಪ ಪುಸ್ತಕ ಹಿಡಿದುಕೊಂಡು ನನ್ನ ಕಿಟಕಿಯ ಹತ್ತಿರ ಬಂದ. ಓದು ಬರದ ಅವನು ಯಾವ ಖಾನೆ ಖಾಲಿ ಇದೆ ಎಂಬುದನ್ನು ಮಾತ್ರ ಸರಿಯಾಗಿ ಬೆರಳಿಟ್ಟು ತೋರಿಸಿದ.

"ಇಲ್ಲಿ ಡ್ರೈವರ್ ಹೆಸ್ರು ಬರ್ದಿಲ್ಲ ನೀವು. ಬರೀರಿ. ಅದಿಲ್ದೆ ನಾನು ಯಾವ್ ಗಾಡೀನೂ ಬುಡಾಕಿಲ್ಲ."

ನಾನು ಪೆನ್ನು ಹಿಡಿದೆ. ಚನ್ನಪಟ್ಟಣದಿಂದ ಅಷ್ಟು ದೂರ ಕಾರು ಓಡಿಸಿದವನ ಪಕ್ಕದಲ್ಲೇ ಕೂತು ಬಂದಿದ್ದೆ. ಅವನ ಹೆಸರು ನನಗೆ ಗೊತ್ತಿರಲಿಲ್ಲ. ತಿರುಗಿ ಕೇಳಿದೆ.

"ಅಂಕಯ್ಯ ಸಾರ್" ಎಂದ.

ಬರೆದೆ. ಕರಿಯಪ್ಪ ಹೋಗಿ ಗೇಟು ತೆರೆದ.